ಕಾಲು ಇಳಿಬಿಡಬಹುದು, ನಡೆಯುವಂತಿಲ್ಲ

ಕೇಳುಗರೇ, ನಮಸ್ಕಾರ.

ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಸರ್ಪೆಂಟೈನ್ ಕೆರೆಯ ಪಕ್ಕ, ರಾಜಕುಮಾರಿ ಡಯಾನಾ ನೆನಪಿನ ಕಾರಂಜಿ ಇದೆ. 2004ರ ಜುಲೈ 6ರಂದು ರಾಣಿ ಎಲಿಜಬೆತ್ ಅದನ್ನು ಉದ್ಘಾಟಿಸಿದರು. ಆ ತಿಂಗಳು ಮುಗಿಯುವ ಮೊದಲೇ ಅದನ್ನು ಮುಚ್ಚಬೇಕಾಯಿತು. ನೀರಿಗಿಳಿದ ಮೂವರು ಜಾರಿಬಿದ್ದು ಆಸ್ಪತ್ರೆ ಸೇರಿದ್ದರು.

ಪತ್ರಿಕೆಗಳು ಸುಮ್ನೆ ಬಿಡಲಿಲ್ಲ. 36 ಲಕ್ಷ ಪೌಂಡ್ ನೀರಿಗೆ ಹಾಕಿದಿರಿ ಎಂದು ಜನ ಬೈದರು. ಆ ಸಿಟ್ಟಿನಲ್ಲಿ, ಕಟ್ಟಿದ್ದೇನು ಎಂದು ನೋಡುವ ತಾಳ್ಮೆ ಯಾರಿಗೂ ಉಳಿಯಲಿಲ್ಲ.

ಇಲ್ಲಿ ಡಯಾನಾ ಪ್ರತಿಮೆ ಇಲ್ಲ. ಆಕಾಶಕ್ಕೆ ಚಿಮ್ಮುವ ನೀರೂ ಇಲ್ಲ. ಇಳಿಜಾರಾದ ಹುಲ್ಲಿನ ಮೇಲೆ ಮೊಟ್ಟೆಯಾಕಾರದ ಒಂದು ಕಲ್ಲಿನ ಕಾಲುವೆ, ಅಷ್ಟೇ. ಉದ್ದ ಸುಮಾರು 80 ಮೀಟರ್, ಅಗಲ 50. ಮೇಲಿನ ತುದಿಯಲ್ಲಿ ಉಕ್ಕುವ ನೀರು ಎರಡು ಕವಲಾಗುತ್ತದೆ. ಒಂದು ಕವಲು ಮೆಟ್ಟಿಲಿಂದ ಮೆಟ್ಟಿಲಿಗೆ ಧುಮುಕಿ, ಸುಳಿ ತಿರುಗಿ, ನೊರೆ ಎಬ್ಬಿಸುತ್ತದೆ. ಇನ್ನೊಂದು ಮೆಲ್ಲಗೆ ಜಾರಿಕೊಂಡು ಬರುತ್ತದೆ. ಕೆಳಗಿನ ಕೊಳದಲ್ಲಿ ಎರಡೂ ಸೇರಿ ಶಾಂತವಾಗುತ್ತವೆ. ಕಾರ್ನ್‌ವಾಲ್‌ನ ಗ್ರಾನೈಟಿನ 545 ತುಂಡುಗಳನ್ನು ಕಂಪ್ಯೂಟರ್ ನಡೆಸುವ ಯಂತ್ರಗಳು ಕೊರೆದಿವೆ. ನೀರು ಎಲ್ಲಿ ಕುಣಿಯಬೇಕು, ಎಲ್ಲಿ ತಣ್ಣಗಿರಬೇಕು ಎನ್ನುವುದನ್ನು ಕಲ್ಲಿನ ಮೈಯ ಉಬ್ಬುತಗ್ಗುಗಳೇ ತೀರ್ಮಾನಿಸುತ್ತವೆ. ಎಂಥ ಕೆಲಸ!

ಇದನ್ನು ರೂಪಿಸಿದವರು ಅಮೆರಿಕದ ಕ್ಯಾಥರಿನ್ ಗುಸ್ಟಾಫ್ಸನ್. ಜನ ನೀರಿಗೆ ಇಳಿಯಬೇಕು, ಮಕ್ಕಳು ಆಡಬೇಕು ಎನ್ನುವುದೇ ಅವರ ಆಸೆಯಾಗಿತ್ತು. ನನಗೆ ಆ ಆಸೆ ತುಂಬ ಸರಿ ಅನಿಸುತ್ತದೆ. 1987ರಲ್ಲಿ ಏಡ್ಸ್ ಎಂದರೆ ಜನ ಹತ್ತಿರ ಸುಳಿಯಲೂ ಹೆದರುತ್ತಿದ್ದರು. ಆಗ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡಯಾನಾ ಕೈಗವಸು ಇಲ್ಲದೆ ರೋಗಿಯ ಕೈ ಕುಲುಕಿದ್ದರು. ಅಂಥವರ ನೆನಪನ್ನು ದೂರದಿಂದ ನೋಡಿ ಕೈಮುಗಿಯುವ ಹಾಗೆ ಕಟ್ಟಿದರೆ ಹೇಗೆ?

ತಪ್ಪಾಗಿದ್ದು ಲೆಕ್ಕಾಚಾರದಲ್ಲಿ. ನುಣುಪು ಕಲ್ಲು, ಅದರ ಮೇಲೆ ನೀರು, ಜೊತೆಗೆ ನಿರೀಕ್ಷೆ ಮೀರಿದ ಜನಜಂಗುಳಿ. ನದಿ ಘಟ್ಟದ ಒದ್ದೆ ಮೆಟ್ಟಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಸುತ್ತಲಿನ ಹುಲ್ಲೂ ತುಳಿದು ಕೆಸರಾಯಿತು. ಆಗಸ್ಟಿನಲ್ಲಿ ಮತ್ತೆ ತೆರೆದಾಗ ಬೇಲಿ ಬಂತು, ಕಾವಲಿನವರು ಬಂದರು, ನೀರಿನಲ್ಲಿ ನಡೆಯುವುದು ನಿಂತಿತು. ಆಮೇಲೆ ಇನ್ನೊಮ್ಮೆ ಮುಚ್ಚಿ, ಜಾರುವ ಕಲ್ಲನ್ನು, ನೀರು ಬಸಿದುಹೋಗುವ ವ್ಯವಸ್ಥೆಯನ್ನು ಸರಿಪಡಿಸಿ, ಗಟ್ಟಿ ತಳಿಯ ಹುಲ್ಲು ಹಾಕಿ, 2005ರ ಮೇ ತಿಂಗಳಲ್ಲಿ ತೆರೆದರು. ಈ ಕೆಲಸ ಮೊದಲೇ ಆಗಬೇಕಿತ್ತು. 2006ರಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ಕಟುವಾಗಿ ಟೀಕಿಸಿತು. ಖರ್ಚಿನ ವಿಷಯದಲ್ಲಿ ಆ ಟೀಕೆ ನ್ಯಾಯವೇ.

ಈಗಿನ ನಿಯಮ ಇಷ್ಟು: ಅಂಚಿನಲ್ಲಿ ಕೂತು ಕಾಲು ಇಳಿಬಿಡಬಹುದು, ನೀರಿನಲ್ಲಿ ನಡೆಯುವಂತಿಲ್ಲ. ಪ್ರವೇಶಕ್ಕೆ ದುಡ್ಡಿಲ್ಲ. ಲಂಡನ್ನಿಗೆ ಹೋದವರು ಫೋಟೋ ತೆಗೆದು ಹೊರಟುಬಿಡಬೇಡಿ. ಚಪ್ಪಲಿ ಬಿಚ್ಚಿ, ನೀರು ಕುಣಿಯುವ ಬದಿಯಲ್ಲೇ ಕೂತುಕೊಳ್ಳಿ.