‘ಆ ಕಡೆಯವರೇ ಹಾಗೆ’

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು. ಇವತ್ತಿನ ವಿಷಯ ನಿಮಗೆ ದಿನಾ ಎದುರಾಗುವಂಥದ್ದು: ಪೂರ್ವಗ್ರಹ, ಅಂದರೆ ಒಬ್ಬರನ್ನು ಸರಿಯಾಗಿ ತಿಳಿಯುವ ಮೊದಲೇ ಅವರು ಇಂಥವರು ಎಂದುಕೊಂಡುಬಿಡುವುದು.

ವಿಜಯಪುರದ ಕಡೆಯ ಒಬ್ಬರನ್ನೂ ಹತ್ತಿರದಿಂದ ನೋಡದವರು ಕೂಡ ‘ಆ ಕಡೆಯವರು ಒರಟು’ ಎಂದುಬಿಡುತ್ತಾರೆ. ನಮ್ಮೂರಿನವನು ಜೋರಾಗಿ ಮಾತಾಡಿದರೆ ‘ಅವನ ಸ್ವಭಾವ ಹಾಗೆ’. ಹೊರಗಿನವನು ಮಾತಾಡಿದರೆ ‘ಆ ಕಡೆಯವರೇ ಹಾಗೆ’. ಮೆತ್ತಗೆ ಮಾತಾಡಿದ ಅದೇ ಕಡೆಯ ನಾಲ್ಕು ಜನ ಲೆಕ್ಕಕ್ಕೇ ಬರುವುದಿಲ್ಲ. ಜನರನ್ನು ನಾವು ನೋಡಿರುವುದು ಕಡಿಮೆ, ಅವರ ಬಗ್ಗೆ ಕೇಳಿರುವುದು ಜಾಸ್ತಿ. ಸಿನಿಮಾದವರೂ ಇದಕ್ಕೆ ಸಾಕಷ್ಟು ನೀರೆರೆದಿದ್ದಾರೆ.

ಇಂಥ ಪೂರ್ವಗ್ರಹ ಮನಸ್ಸಿನಲ್ಲೇ ಇದ್ದರೆ ಏನು ನಷ್ಟ ಅಂತ ಕೇಳಬಹುದು. ಅದು ಮನಸ್ಸಿನಲ್ಲೇ ಇರುವುದಿಲ್ಲ, ಎದುರಿಗಿರುವವರನ್ನೂ ಬದಲಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಫೋನಿನಲ್ಲಿ ಮಾತಾಡುವ ಮೊದಲು ಯುವಕರಿಗೆ ಒಂದು ಫೋಟೊ ಕೊಟ್ಟು, ಆ ಕಡೆ ಇರುವ ಹುಡುಗಿ ಇವಳೇ ಎಂದರು. ಫೋಟೊ ಬೇರೆ ಯಾರದೋ. ಸುಂದರಿ ಎಂದುಕೊಂಡವರು ಆತ್ಮೀಯವಾಗಿ ಮಾತಾಡಿದರು. ಫೋಟೊ ವಿಷಯ ಗೊತ್ತೇ ಇಲ್ಲದ ಹುಡುಗಿಯರೂ ಅವರ ಜೊತೆ ಹೆಚ್ಚು ಸಲಿಗೆಯಿಂದ ಮಾತಾಡಿದರು. ತರಗತಿಯಲ್ಲೂ ಇದೇ ನಡೆಯುತ್ತದೆ. ‘ಇವನಿಗೆ ಗೊತ್ತಿರಲ್ಲ ಬಿಡು’ ಎಂದು ಒಬ್ಬ ಹುಡುಗನನ್ನು ಪ್ರಶ್ನೆಯನ್ನೇ ಕೇಳದಿದ್ದರೆ, ಅವನು ಕೈ ಎತ್ತುವುದನ್ನೇ ಬಿಡುತ್ತಾನೆ. ಮಾರ್ಚಿ ಹೊತ್ತಿಗೆ ನಮ್ಮ ಅಂದಾಜು ನಿಜವಾದ ಹಾಗೆ ಕಾಣುತ್ತದೆ.

ನನ್ನನ್ನು ತುಂಬಾ ಕಾಡಿದ್ದು ನಮ್ಮ ದೇಶದ್ದೇ ಇನ್ನೊಂದು ಪ್ರಯೋಗ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿದ್ದು. 2006ರಲ್ಲಿ ಪ್ರಕಟವಾಯಿತು. ಆರು, ಏಳನೇ ಕ್ಲಾಸಿನ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಮಕ್ಕಳ ಪತ್ರಿಕೆಯಲ್ಲಿ ಬರುತ್ತವಲ್ಲ, ಅಂಥವು. ಬಿಡಿಸಿದ ಒಂದೊಂದಕ್ಕೂ 1 ರೂಪಾಯಿ. ಜಾತಿಯ ಸುದ್ದಿಯೇ ಇಲ್ಲದಿದ್ದಾಗ ದಲಿತ ಹುಡುಗರೂ ಮೇಲ್ಜಾತಿಯ ಹುಡುಗರೂ ಹೆಚ್ಚುಕಡಿಮೆ ಸಮನಾಗಿ ಬಿಡಿಸಿದರು. ಬೇರೆ ಗುಂಪುಗಳಲ್ಲಿ ಮೊದಲು ಪ್ರತಿಯೊಬ್ಬನ ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿ ಎಲ್ಲವನ್ನೂ ಎಲ್ಲರ ಮುಂದೆ ಓದಿದರು. ಹುಡುಗ ಹೌದೆಂದು ತಲೆಯಾಡಿಸಬೇಕು. ಅಷ್ಟೇ. ಆ ಗುಂಪುಗಳಲ್ಲಿ ದಲಿತ ಹುಡುಗರು ಹಿಂದೆ ಬಿದ್ದರು. ಬುದ್ಧಿ ಅದೇ, ಒಗಟು ಅದೇ. ಸುತ್ತ ಕೂತವರು ತಮ್ಮ ಬಗ್ಗೆ ಏನಂದುಕೊಳ್ಳುತ್ತಾರೆ ಅನ್ನೋದು ಮಾತ್ರ ಆ ಮಕ್ಕಳ ಕಣ್ಣ ಮುಂದೆ ಬಂದು ನಿಂತಿತ್ತು.

ವಿದ್ಯಾರ್ಥಿವೇತನದ ಕೆಲಸ ಬಂದಾಗ ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಎನ್ನುವ ಅಭ್ಯಾಸ ಕೆಲವು ಕಡೆ ಇನ್ನೂ ಇದೆ. ಹೇಳುವವರ ಉದ್ದೇಶ ಕೆಟ್ಟದ್ದಲ್ಲ, ಕೆಲಸ ಬೇಗ ಮುಗಿಯಲಿ ಅಂತ. ಆದರೆ ಆ ಹಳ್ಳಿಗಳಲ್ಲಿ ಮಾಡಿದ್ದೂ ಇಷ್ಟನ್ನೇ ಅಲ್ವಾ? ಜಾತಿಯ ವಿವರ ದಾಖಲಾತಿ ಪುಸ್ತಕದಲ್ಲಿ ಹೇಗೂ ಇರುತ್ತದೆ. ಈ ವರ್ಷದಿಂದ ದಯವಿಟ್ಟು ಅದನ್ನು ನೋಡಿಕೊಂಡು, ಮಕ್ಕಳನ್ನು ಒಬ್ಬೊಬ್ಬರಾಗಿ ಸ್ಟಾಫ್ ರೂಮಿಗೆ ಕರೆದು ಮಾತಾಡಿ.