ಒಂದೇ ಹೊಲಕ್ಕೆ ಇಬ್ಬರು ಕಾವಲುಗಾರರು: ಕೊಂಬಿನ ಗೂಬೆ ಮತ್ತು ಕಾಡುಬೆಕ್ಕು

[ದೃಶ್ಯ: ಶಹಾಬಾದ್ ಬಳಿಯ ಹಳೆಯ ಕಲ್ಲುಗಣಿ, ಮುಸ್ಸಂಜೆ]

ಫರಸಿ ಕಲ್ಲು ತೆಗೆದು ಬಿಟ್ಟುಹೋದ ಇಂಥ ಗಣಿಗಳ ಗೋಡೆಯೇ ಕೊಂಬಿನ ಗೂಬೆಗೆ ಮನೆ. ಅದು ಗೂಡು ಕಟ್ಟುವುದಿಲ್ಲ, ಬರಿಯ ಕಲ್ಲಿನ ಮೇಲೆಯೇ ಮೊಟ್ಟೆ ಇಡುತ್ತದೆ. ಕೆಳಗಿನ ತೊಗರಿ ಹೊಲ ಕಾಡುಬೆಕ್ಕಿನದು. ಇಬ್ಬರಿಗೂ ಬೇಕಾದದ್ದು ಇಲಿ.

ಹಾಗಾದರೆ ಹೆಚ್ಚು ಚತುರ ಬೇಟೆಗಾರ ಯಾರು? ಅದು ಬೆಳೆ ಎಷ್ಟು ಎತ್ತರಕ್ಕಿದೆ ಎನ್ನುವುದರ ಮೇಲೆ ಹೋಗುತ್ತದೆ ಎಂದು ನನಗನ್ನಿಸುತ್ತದೆ.

[ದೃಶ್ಯ: ಗೂಬೆಯ ಮುಖ, ನಿಧಾನ ಚಲನೆಯಲ್ಲಿ]

ಗೂಬೆಯ ಕಣ್ಣುಗುಡ್ಡೆ ಆಚೀಚೆ ಹೊರಳುವುದಿಲ್ಲ. ಅದಕ್ಕೇ ಕತ್ತು 270 ಡಿಗ್ರಿಯವರೆಗೆ ತಿರುಗುತ್ತದೆ. ತಲೆಯ ಮೇಲಿನ ಕೊಂಬು ಗರಿಯ ಜುಟ್ಟಷ್ಟೇ, ನಿಜವಾದ ಕಿವಿ ಗರಿಗಳ ಒಳಗೆ ಅಡಗಿದೆ. ರೆಕ್ಕೆಯ ಮುಂಚೂಣಿ ಗರಿಗೆ ಬಾಚಣಿಗೆಯಂಥ ಅಂಚಿದೆ. ಅದು ಗಾಳಿಯ ಸದ್ದನ್ನು ಅಡಗಿಸುವುದರಿಂದ ಇಲಿಗೆ ಸುಳಿವೇ ಸಿಗುವುದಿಲ್ಲ. ಕೊಲ್ಲುವುದು ಕಾಲುಗುರು, ಕೊಕ್ಕಲ್ಲ.

ಕಾಡುಬೆಕ್ಕಿನದು ಬೇರೆಯೇ ದಾರಿ. ಉದ್ದ ಕಾಲು, ಗಿಡ್ಡ ಬಾಲ, ಎತ್ತ ಬೇಕಾದರೂ ತಿರುಗುವ ಕಿವಿ. ತೊಗರಿ ಸಾಲಿನ ನಡುವೆ ತೆವಳಿ, ಸದ್ದು ಬಂದಲ್ಲಿಗೆ ಜಿಗಿದು, ಕತ್ತಿಗೆ ಕಚ್ಚುತ್ತದೆ. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನದ ಅಂದಾಜಿನ ಪ್ರಕಾರ ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿಗಳನ್ನು ತಿನ್ನುತ್ತದೆ. ಅಂದರೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು!

[ದೃಶ್ಯ: ಆಳೆತ್ತರದ ತೊಗರಿ, ನಂತರ ಕಟಾವಾದ ಹೊಲ]

ಎದೆಯೆತ್ತರ ಬೆಳೆದ ತೊಗರಿಯೊಳಗೆ ಗೂಬೆಗೆ ರೆಕ್ಕೆ ಬಿಚ್ಚಲು ಜಾಗವಿಲ್ಲ. ಅಲ್ಲಿ ಬೆಕ್ಕಿನದೇ ಕೈ ಮೇಲು. ಡಿಸೆಂಬರ್, ಜನವರಿಯಲ್ಲಿ ಕಟಾವಾಗಿ ನೆಲ ಬಯಲಾದರೆ ಬೆಕ್ಕಿಗೆ ಮರೆ ಇಲ್ಲ, ಗೂಬೆಗೆ ಹೊಲವೆಲ್ಲ ತೆರೆದಿರುತ್ತದೆ. ಕಾಯಿಕೊರಕ ಹುಳು ಹೆಕ್ಕುವ ಹಕ್ಕಿಗಳಿಗೆಂದು ನಮ್ಮ ರೈತರು ಕೋಲು ನೆಡುತ್ತಾರಲ್ಲ, ಬದುವಿನಲ್ಲಿ ಅಂಥದ್ದೇ ಒಂದೆರಡು ಗಟ್ಟಿಯಾದ ಕಂಬ ನೆಟ್ಟರೆ ರಾತ್ರಿ ಗೂಬೆಗೂ ಕೂರಲು ನೆಲೆಯಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ಒಂದು ಸಂಕಟದಿಂದ. ಬ್ರೊಮಾಡಿಯೊಲೋನ್‌ನಂಥ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟದೆ ಕೆಲವು ದಿನ ಮಂಕಾಗಿ ಓಡಾಡುತ್ತದೆ, ಸುಲಭವಾಗಿ ಸಿಕ್ಕಿಬೀಳುತ್ತದೆ. ಅದನ್ನು ತಿಂದ ಗೂಬೆ, ಬೆಕ್ಕುಗಳ ಮೈಗೂ ವಿಷ ಸೇರುತ್ತದೆ. ವಿಷ ಇಡಲೇಬೇಕಾದರೆ ದಯವಿಟ್ಟು ಬಿಲದೊಳಗೇ ಇಟ್ಟು ಬಾಯಿ ಮುಚ್ಚಿ. ಮುಂದಿನ ದಿನಗಳಲ್ಲಿ ಹೊಲ ಸುತ್ತಿ, ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳಿ.