ಅಂಗಾರಾ ಎಂಬ ನೀರಿನ ಕೆಂಡ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಸೈಬೀರಿಯಾದ ಇರ್ಕುತ್ಸ್ಕ್ ನಗರದ ಉದ್ಯಮಗಳು. ಸೈಬೀರಿಯಾ ಅಂದ ಕೂಡಲೇ ಹಿಮ, ಕರಡಿ, ಸೆರೆಮನೆ ಅಂತ ಶುರು ಮಾಡುತ್ತಾರೆ. ದಯವಿಟ್ಟು ಅದನ್ನೆಲ್ಲ ಸ್ವಲ್ಪ ಹೊತ್ತು ಬದಿಗಿಡಿ. ಒಂದೇ ಹೆಸರು ನೆನಪಿಟ್ಟುಕೊಳ್ಳಿ: ಅಂಗಾರಾ.

ನಮ್ಮಲ್ಲಿ ಅಂಗಾರ ಅಂದರೆ ಕೆಂಡ. ಅಲ್ಲಿ ಅದು ಮೈ ಕೊರೆಯುವ ತಣ್ಣೀರಿನ ನದಿ. ಆದರೆ ಆ ಊರಿನ ಕುಲುಮೆ ಕಾಯುವುದು ಈ ನೀರಿನಿಂದಲೇ.

ಅಲ್ಲಿನ ಜನ ಹೇಳುವ ಒಂದು ಕತೆ ನನಗೆ ಬಹಳ ಇಷ್ಟ. ಬೈಕಲ್ ಸರೋವರ ಅಪ್ಪ. ಅವನಿಗೆ ಮುನ್ನೂರಕ್ಕೂ ಜಾಸ್ತಿ ಗಂಡುಮಕ್ಕಳು, ಎಲ್ಲರೂ ನೀರು ತಂದು ಸುರಿಯುವ ನದಿಗಳು. ಮಗಳು ಒಬ್ಬಳೇ, ಅಂಗಾರಾ. ಅವಳನ್ನು ಹತ್ತಿರದ ಇರ್ಕುತ್ ನದಿಗೆ ಕೊಡಬೇಕು ಅಂತ ಅಪ್ಪನ ಲೆಕ್ಕ. ಅವಳ ಮನಸ್ಸು ದೂರದ ಯೆನಿಸೇಯ್ ನದಿಯ ಮೇಲೆ. ಒಂದು ರಾತ್ರಿ ಅಪ್ಪ ಮಲಗಿದ್ದಾಗ ಓಡಿದಳು. ಎಚ್ಚರವಾದ ಅಪ್ಪ ಸಿಟ್ಟಿನಲ್ಲಿ ಬಂಡೆ ಕಿತ್ತು ಎಸೆದ. ಅದು ನದಿಯ ಬಾಯಲ್ಲೇ ಬಿತ್ತು. ಮಗಳು ನಿಲ್ಲಲಿಲ್ಲ. ಅಪ್ಪ ಆರಿಸಿದ ವರ ಇರ್ಕುತ್ ಇದ್ದನಲ್ಲ, ಊರಿಗೆ ಅವನದೇ ಹೆಸರು.

ಆ ಬಂಡೆ ಈಗಲೂ ಇದೆ. ಶಾಮನ್ ಕಲ್ಲು ಅನ್ನುತ್ತಾರೆ. ನೆತ್ತಿ ಮಾತ್ರ ಕಾಣುತ್ತದೆ. ಯಾಕೆ ಗೊತ್ತಾ? 1950ರ ದಶಕದಲ್ಲಿ ಇರ್ಕುತ್ಸ್ಕ್‌ನಲ್ಲಿ ಕರೆಂಟಿಗಾಗಿ ಅಂಗಾರಾಕ್ಕೆ ಅಣೆಕಟ್ಟು ಕಟ್ಟಿದರು. ಅದರಿಂದ 50 ಕಿ.ಮೀ.ಗೂ ಹೆಚ್ಚು ದೂರದ ಬೈಕಲ್ ನೀರೇ ಒಂದು ಮೀಟರಿನಷ್ಟು ಏರಿತು!

ಕತೆಯೊಳಗೇ ಅರ್ಥಶಾಸ್ತ್ರ ಇದೆ ನೋಡಿ. ಮುನ್ನೂರು ನದಿ ಒಳಗೆ, ಒಂದೇ ನದಿ ಹೊರಗೆ. ನಮ್ಮ ಹೊಳೆಗಳ ಹಾಗೆ ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಬತ್ತುವ ಮಾತಿಲ್ಲ. ವರ್ಷವಿಡೀ ನೀರು, ವರ್ಷವಿಡೀ ಅಗ್ಗದ ಕರೆಂಟು. ಅದಕ್ಕೇ ಪಕ್ಕದ ಶೆಲೆಖೊವ್‌ನಲ್ಲಿ 1962ರಿಂದ ಅಲ್ಯೂಮಿನಿಯಂ ತಯಾರಾಗುತ್ತಿದೆ. ಕಚ್ಚಾ ಪುಡಿ ಬಹು ದೂರದಿಂದ ರೈಲಿನಲ್ಲಿ ಬರಬೇಕು. ಆದರೂ ಲಾಭವೇ. ಒಂದು ಟನ್ ಅಲ್ಯೂಮಿನಿಯಂ ಮಾಡಲು ಸುಮಾರು 14–15 ಸಾವಿರ ಯೂನಿಟ್ ಕರೆಂಟು ಬೇಕು. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಗೆ ಅದು ಹನ್ನೆರಡು ವರ್ಷಕ್ಕೆ ಸಾಕು. ಪುಡಿಯನ್ನು ಹೊತ್ತು ತರಬಹುದು, ನದಿಯನ್ನು ತರಲಾಗುವುದಿಲ್ಲ. ಅಂಗಾರಾ ಇರುವ ಕಡೆಗೇ ಕಾರ್ಖಾನೆ ಹೋಗಬೇಕು. ಈಚೆಗೆ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಗಳಿಸುವವರೂ ಅಲ್ಲಿ ಗ್ಯಾರೇಜುಗಳಲ್ಲಿ ಕಂಪ್ಯೂಟರ್ ಜೋಡಿಸಿಟ್ಟರು. ಅವರನ್ನು ಕರೆದದ್ದೂ ಇದೇ ಅಗ್ಗದ ಕರೆಂಟು.

ಸಮಯ ಕಡಿಮೆ ಇದೆ. ಪ್ರಾಣಿಗಳ ತುಪ್ಪುಳದ ವ್ಯಾಪಾರ, ಚಹಾ ವ್ಯಾಪಾರದಿಂದ ಊರು ಬೆಳೆದ ಹಳೆಯ ಕತೆ ಬಿಟ್ಟುಬಿಡುತ್ತೇನೆ. ವಿಮಾನದ ವಿಷಯ ಮಾತ್ರ ಬಿಡಲಾರೆ. ಯಲಹಂಕದ ಏರ್ ಷೋನಲ್ಲಿ ತಲೆ ಮೇಲೆ ಗುಡುಗುವ ಸುಖೋಯ್-30 ನೋಡಿದ್ದೀರಲ್ವಾ? ನಮ್ಮ ವಾಯುಪಡೆಯ ಈ ವಿಮಾನದ ತವರು ಇರ್ಕುತ್ಸ್ಕ್. ಅಲ್ಲಿನ ಕಾರ್ಖಾನೆ 1930ರ ದಶಕದ್ದು, ಅಣೆಕಟ್ಟಿಗಿಂತ ಹಳೆಯದು. ಆಮೇಲೆ ಬೆಂಗಳೂರಿನ ಎಚ್‌ಎಎಲ್ ಸಂಸ್ಥೆ ಪರವಾನಗಿ ಪಡೆದು ನಾಸಿಕ್‌ನಲ್ಲಿ ಇವನ್ನು ಜೋಡಿಸಿತು. ಇರ್ಕುತ್ಸ್ಕ್‌ನವರು ಈಗ ಎಂಸಿ-21 ಎಂಬ ಪ್ರಯಾಣಿಕರ ವಿಮಾನ ಕಟ್ಟುತ್ತಿದ್ದಾರೆ. ಅದು ಮೊದಲು ಹಾರಿದ್ದು 2017ರ ಮೇ ತಿಂಗಳಲ್ಲಿ, ಅದೇ ಊರಿನ ಆಕಾಶದಲ್ಲಿ.

ನಮಸ್ಕಾರ.